ಸಂಯುಕ್ತ ಸೂಕ್ಷ್ಮದರ್ಶಕ

ಸಂಯುಕ್ತ ಸೂಕ್ಷ್ಮದರ್ಶಕವು ಬರಿಗಣ್ಣಿಗೆ ಕಾಣಿಸದಷ್ಟು ಚಿಕ್ಕದಾದ ವಸ್ತುಗಳನ್ನು ಎರಡು ಹಂತಗಳಲ್ಲಿ ಹಿಗ್ಗಿಸಿ ತೋರಿಸುವ ಉಪಕರಣವಾಗಿದೆ. ವಸ್ತುವಿಗೆ ಸಮೀಪವಿರುವ ವಸ್ತುಮಸೂರವು ಮೊದಲ ಹಂತದಲ್ಲಿಯೂ ಕಣ್ಣಿಗೆ ಸಮೀಪವಿರುವ ನೇತ್ರಮಸೂರವು ಎರಡನೆಯ ಹಂತದಲ್ಲಿಯೂ ಬಿಂಬವನ್ನು ವರ್ಧಿಸುತ್ತವೆ. ಭೂತಗನ್ನಡಿಯಂತಹ, ಒಂದೇ ಮಸೂರವುಳ್ಳ ಸರಳ ಸೂಕ್ಷ್ಮದರ್ಶಕದಿಂದ ಇದನ್ನು ಪ್ರತ್ಯೇಕಿಸಲು 'ಸಂಯುಕ್ತ' ಎಂಬ ವಿಶೇಷಣವನ್ನು ಬಳಸಲಾಗುತ್ತದೆ. ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ಜೀವವಿಜ್ಞಾನ ಪ್ರಯೋಗಾಲಯಗಳಲ್ಲಿಯೂ ಆರೋಗ್ಯ ಕೇಂದ್ರಗಳ ರಕ್ತಪರೀಕ್ಷೆಯ ಕೊಠಡಿಗಳಲ್ಲಿಯೂ ಸಾಮಾನ್ಯವಾಗಿ ಕಾಣಸಿಗುವುದು ಇದೇ ಉಪಕರಣ.

ಸೂಕ್ಷ್ಮದರ್ಶಕದ ಭಾಗಗಳ ಹೆಸರುಗಳನ್ನು ಒಂದು ದಿನದಲ್ಲಿ ಕಲಿಯಬಹುದು. ಅದರ ಮೂಲಕ ನೋಡುವುದನ್ನು ಕಲಿಯಲು ಅಭ್ಯಾಸ ಬೇಕು. ಮೊದಲ ಬಾರಿಗೆ ನೋಡುವ ವಿದ್ಯಾರ್ಥಿಯು ಜೀವಕೋಶದ ಬದಲು ಗಾಳಿಗುಳ್ಳೆಯನ್ನೋ ತನ್ನದೇ ಕಣ್ಣಿನ ರೆಪ್ಪೆಗೂದಲನ್ನೋ ಕಂಡು ಚಿತ್ರ ಬರೆಯುವುದು ಅಪರೂಪವಲ್ಲ. ಇಂತಹ ತಪ್ಪುಗಳಿಗೆ ಕಾರಣ ಹೆಚ್ಚಾಗಿ ಬೆಳಕಿನ ಹೊಂದಾಣಿಕೆಯಲ್ಲಿ ಅಥವಾ ಸ್ಲೈಡಿನ ತಯಾರಿಯಲ್ಲಿ ಇರುತ್ತದೆಯೇ ಹೊರತು ಮಸೂರಗಳ ಶಕ್ತಿಯಲ್ಲಿ ಅಲ್ಲ.

ಇತಿಹಾಸ

ನೆದರ್ಲೆಂಡ್ಸ್‌ನ ಮಿಡೆಲ್‌ಬರ್ಗ್ ಪಟ್ಟಣದ ಕನ್ನಡಕ ತಯಾರಕ ಝಕಾರಿಯಾಸ್ ಯಾನ್ಸೆನ್ 1590ರ ಸುಮಾರಿಗೆ ಸಂಯುಕ್ತ ಸೂಕ್ಷ್ಮದರ್ಶಕವನ್ನು ಕಂಡುಹಿಡಿದನೆಂದು ಅನೇಕ ಪುಸ್ತಕಗಳು ಹೇಳುತ್ತವೆ. ಈ ಹೇಳಿಕೆಯು ಹಲವು ದಶಕಗಳ ಬಳಿಕ ದಾಖಲಾದ ಸಾಕ್ಷ್ಯಗಳನ್ನು ಆಧರಿಸಿದೆ. ಆದ್ದರಿಂದ ಇತಿಹಾಸಕಾರರು ಅದನ್ನು ನಿಶ್ಚಿತವೆಂದು ಪರಿಗಣಿಸುವುದಿಲ್ಲ. 17ನೆಯ ಶತಮಾನದ ಆರಂಭದ ದಶಕಗಳಲ್ಲಿ ಯುರೋಪಿನ ಹಲವೆಡೆ ಇಂತಹ ಉಪಕರಣಗಳು ಬಳಕೆಯಲ್ಲಿದ್ದವು. ಗೆಲಿಲಿಯೊ ತಯಾರಿಸಿದ್ದ ಅಂತಹ ಒಂದು ಉಪಕರಣಕ್ಕೆ 1625ರಲ್ಲಿ ಜೊವಾನಿ ಫಾಬರ್ ಎಂಬ ವಿದ್ವಾಂಸನು 'ಮೈಕ್ರೋಸ್ಕೋಪ್' ಎಂಬ ಹೆಸರನ್ನು ನೀಡಿದನು.

ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲಿ ಪ್ರಕಟಿಸಿದ 'ಮೈಕ್ರೊಗ್ರಾಫಿಯಾ' ಗ್ರಂಥದಲ್ಲಿ ಬಿರಡೆಯ ತೆಳು ಸೀಳಿನಲ್ಲಿ ಕಂಡ ಚಿಕ್ಕ ಕೋಣೆಗಳನ್ನು ವರ್ಣಿಸಿ, ಅವುಗಳಿಗೆ ಕೋಶ ಎಂಬರ್ಥದ 'ಸೆಲ್' ಎಂಬ ಪದವನ್ನು ಬಳಸಿದನು. ಅವನು ಕಂಡದ್ದು ಸತ್ತ ಜೀವಕೋಶಗಳ ಭಿತ್ತಿಗಳನ್ನು ಮಾತ್ರ. ಜೀವಂತ ಏಕಕೋಶ ಜೀವಿಗಳನ್ನೂ ಬ್ಯಾಕ್ಟೀರಿಯಾಗಳನ್ನೂ ಮೊದಲಿಗೆ ಕಂಡ ಆಂಟನಿ ವಾನ್ ಲೀವೆನ್‌ಹುಕ್ ಬಳಸಿದ್ದು ಒಂದೇ ಮಸೂರದ ಸರಳ ಸೂಕ್ಷ್ಮದರ್ಶಕವನ್ನು. ಅವನ ಕೈಯಲ್ಲಿ ತಯಾರಾದ, ಇಂದಿಗೂ ಉಳಿದಿರುವ ಅತ್ಯುತ್ತಮ ಮಸೂರದ ವರ್ಧನೆ ಸುಮಾರು 270 ಪಟ್ಟು. ಒಂದು ಮಸೂರದ ಉಪಕರಣವು ಎರಡು ಮಸೂರಗಳದ್ದನ್ನು ಮೀರಿಸಿದ್ದು ವಿಚಿತ್ರವೆನಿಸಬಹುದು. ಅಂದಿನ ಮಸೂರಗಳು ಬೆಳಕಿನ ಬೇರೆ ಬೇರೆ ಬಣ್ಣಗಳನ್ನು ಬೇರೆ ಬೇರೆ ಬಿಂದುಗಳಲ್ಲಿ ಕೇಂದ್ರೀಕರಿಸುತ್ತಿದ್ದವು. ಮಸೂರಗಳ ಸಂಖ್ಯೆ ಹೆಚ್ಚಿದಂತೆ ಈ ದೋಷವೂ ಗುಣಿತವಾಗಿ ಬಿಂಬದ ಅಂಚುಗಳಲ್ಲಿ ಕಾಮನಬಿಲ್ಲಿನಂತಹ ಮಸುಕು ಮೂಡುತ್ತಿತ್ತು.

ಈ ದೋಷದ ಪರಿಹಾರಕ್ಕೆ ಸುಮಾರು ಎರಡು ಶತಮಾನಗಳು ಬೇಕಾದವು. 1830ರಲ್ಲಿ ಜೋಸೆಫ್ ಜಾಕ್ಸನ್ ಲಿಸ್ಟರ್ ಮಸೂರಜೋಡಿಗಳನ್ನು ನಿರ್ದಿಷ್ಟ ಅಂತರದಲ್ಲಿ ಇರಿಸಿ ದೋಷವನ್ನು ತಗ್ಗಿಸುವ ವಿಧಾನವನ್ನು ಪ್ರಕಟಿಸಿದನು. 1873ರಲ್ಲಿ ಜರ್ಮನಿಯ ಅರ್ನ್ಸ್ಟ್ ಅಬೆ ಸೂಕ್ಷ್ಮದರ್ಶಕದಲ್ಲಿ ಬಿಂಬ ಮೂಡುವ ಸಿದ್ಧಾಂತವನ್ನು ಮಂಡಿಸಿ, ಬೆಳಕಿನ ತರಂಗಸ್ವಭಾವವೇ ಈ ಉಪಕರಣದ ಸಾಮರ್ಥ್ಯಕ್ಕೆ ಮಿತಿಯನ್ನು ವಿಧಿಸುತ್ತದೆಂದು ತೋರಿಸಿದನು. ಉಪಕರಣ ತಯಾರಕ ಕಾರ್ಲ್ ಝೈಸ್ ಮತ್ತು ಗಾಜಿನ ತಜ್ಞ ಒಟ್ಟೊ ಷಾಟ್ ಅವರೊಡನೆ ಅವನು ನಡೆಸಿದ ಕೆಲಸದಿಂದ ಮಸೂರ ತಯಾರಿಕೆಯು ಕುಶಲಕರ್ಮಿಯ ಅಂದಾಜಿನಿಂದ ಗಣಿತದ ಲೆಕ್ಕಾಚಾರಕ್ಕೆ ಬದಲಾಯಿತು. ಬೆಳಕನ್ನು ಏಕರೂಪವಾಗಿ ಹಾಯಿಸುವ ವಿಧಾನವನ್ನು ಆಗಸ್ಟ್ ಕೋಲರ್ 1893ರಲ್ಲಿ ವಿವರಿಸಿದನು.

ಭಾರತದಲ್ಲಿ ಈ ಉಪಕರಣದ ಮೂಲಕ ನಡೆದ ಅತ್ಯಂತ ಪ್ರಸಿದ್ಧ ವೀಕ್ಷಣೆ ರೊನಾಲ್ಡ್ ರಾಸ್‌ನದು. ಬೆಂಗಳೂರಿನಲ್ಲಿಯೂ ಸೇವೆ ಸಲ್ಲಿಸಿದ್ದ ಈ ಸೇನಾ ವೈದ್ಯನು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಜಠರಭಿತ್ತಿಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡನು. ಬೆವರಿನಿಂದ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವೆಂದೂ ಉಳಿದಿದ್ದ ಕೊನೆಯ ನೇತ್ರಮಸೂರವು ಬಿರುಕು ಬಿಟ್ಟಿತ್ತೆಂದೂ ಅವನು ಬರೆದಿದ್ದಾನೆ. ಈ ಸಂಶೋಧನೆಗಾಗಿ ಅವನಿಗೆ 1902ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಕಾರ್ಯತತ್ತ್ವ

ವಸ್ತುಮಸೂರವು ಕಡಿಮೆ ಸಂಗಮದೂರವುಳ್ಳ ಪೀನಮಸೂರದಂತೆ ಕೆಲಸ ಮಾಡುತ್ತದೆ. ವಸ್ತುವನ್ನು ಅದರ ಸಂಗಮಬಿಂದುವಿನಿಂದ ತುಸುವೇ ಆಚೆಗೆ ಇರಿಸಿದಾಗ ಕೊಳವೆಯೊಳಗೆ ಸತ್ಯವೂ ತಲೆಕೆಳಗಾದುದೂ ವರ್ಧಿತವೂ ಆದ ಪ್ರತಿಬಿಂಬ ಮೂಡುತ್ತದೆ. ನೇತ್ರಮಸೂರವು ಈ ಪ್ರತಿಬಿಂಬವನ್ನೇ ತನ್ನ ವಸ್ತುವನ್ನಾಗಿ ಮಾಡಿಕೊಂಡು ಭೂತಗನ್ನಡಿಯಂತೆ ಹಿಗ್ಗಿಸಿ, ಮಿಥ್ಯಪ್ರತಿಬಿಂಬವನ್ನು ಕಣ್ಣಿಗೆ ತೋರಿಸುತ್ತದೆ. ಎರಡನೆಯ ಹಂತದಲ್ಲಿ ಬಿಂಬವು ಮತ್ತೆ ತಿರುಗುವುದಿಲ್ಲ. ಆದಕಾರಣ ನೋಡುವವರಿಗೆ ವಸ್ತುವು ತಲೆಕೆಳಗಾಗಿ ಮತ್ತು ಎಡಬಲ ಅದಲುಬದಲಾಗಿ ಕಾಣುತ್ತದೆ; ಸ್ಲೈಡನ್ನು ಬಲಕ್ಕೆ ಸರಿಸಿದರೆ ಬಿಂಬವು ಎಡಕ್ಕೆ ಸರಿಯುತ್ತದೆ.

ವಸ್ತುಮಸೂರದ ವರ್ಧನೆಯು ಕೊಳವೆಯ ಉದ್ದವನ್ನು ಅದರ ಸಂಗಮದೂರದಿಂದ ಭಾಗಿಸಿದಾಗ ದೊರೆಯುತ್ತದೆ. ನೇತ್ರಮಸೂರದ ವರ್ಧನೆಯು ಸ್ಪಷ್ಟದೃಷ್ಟಿಯ ಕನಿಷ್ಠ ದೂರವಾದ 25 ಸೆಂ.ಮೀ.ಯನ್ನು ಅದರ ಸಂಗಮದೂರದಿಂದ ಭಾಗಿಸಿದಾಗ ದೊರೆಯುತ್ತದೆ. ಉದಾಹರಣೆಗೆ, 160 ಮಿ.ಮೀ. ಕೊಳವೆಯಲ್ಲಿ 4 ಮಿ.ಮೀ. ಸಂಗಮದೂರದ ವಸ್ತುಮಸೂರವು ಸುಮಾರು 40 ಪಟ್ಟು ವರ್ಧಿಸುತ್ತದೆ, 25 ಮಿ.ಮೀ. ಸಂಗಮದೂರದ ನೇತ್ರಮಸೂರವು 10 ಪಟ್ಟು ವರ್ಧಿಸುತ್ತದೆ. ಒಟ್ಟು ವರ್ಧನೆಯು ಇವೆರಡರ ಗುಣಲಬ್ಧ, ಅಂದರೆ 400 ಪಟ್ಟು. ಎರಡನ್ನೂ ಕೂಡಿಸಿ 50 ಎಂದು ಬರೆಯುವುದು ಪರೀಕ್ಷೆಗಳಲ್ಲಿ ಕಾಣುವ ಸಾಮಾನ್ಯ ತಪ್ಪು.

ವರ್ಧನೆ ಮತ್ತು ಪೃಥಕ್ಕರಣ ಸಾಮರ್ಥ್ಯ

ಸೂಕ್ಷ್ಮದರ್ಶಕದ ಗುಣಮಟ್ಟವನ್ನು ಅದು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದರಿಂದಲೇ ಅಳೆಯುವುದು ಸರಿಯಲ್ಲ. ಅಕ್ಕಪಕ್ಕದಲ್ಲಿರುವ ಎರಡು ಬಿಂದುಗಳನ್ನು ಎರಡಾಗಿಯೇ ತೋರಿಸುವ ಶಕ್ತಿಗೆ ಪೃಥಕ್ಕರಣ ಸಾಮರ್ಥ್ಯ ಎನ್ನುತ್ತಾರೆ. ಮನುಷ್ಯನ ಕಣ್ಣು 25 ಸೆಂ.ಮೀ. ದೂರದಲ್ಲಿ ಸುಮಾರು 0.1 ಮಿ.ಮೀ. ಅಂತರದ ಬಿಂದುಗಳನ್ನು ಬೇರ್ಪಡಿಸಿ ಕಾಣಬಲ್ಲದು. ಉತ್ತಮ ಸಂಯುಕ್ತ ಸೂಕ್ಷ್ಮದರ್ಶಕವು ಈ ಅಂತರವನ್ನು ಸುಮಾರು 0.2 ಮೈಕ್ರೊಮೀಟರಿಗೆ ಇಳಿಸುತ್ತದೆ. ಒಂದು ಮೈಕ್ರೊಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ.

ಈ ಸಾಮರ್ಥ್ಯವು ಬೆಳಕಿನ ತರಂಗದೂರವನ್ನೂ ವಸ್ತುಮಸೂರದ ನ್ಯೂಮರಿಕಲ್ ಅಪರ್ಚರ್ ಎಂಬ ಸಂಖ್ಯೆಯನ್ನೂ ಅವಲಂಬಿಸಿದೆ. ವಸ್ತುವಿನಿಂದ ಹೊರಟ ಬೆಳಕಿನ ಶಂಕುವನ್ನು ಮಸೂರವು ಎಷ್ಟು ಅಗಲವಾಗಿ ಸೆರೆಹಿಡಿಯುತ್ತದೆ ಎಂಬುದನ್ನು ಈ ಸಂಖ್ಯೆ ಸೂಚಿಸುತ್ತದೆ. ತರಂಗದೂರವನ್ನು 0.61ರಿಂದ ಗುಣಿಸಿ ಈ ಸಂಖ್ಯೆಯಿಂದ ಭಾಗಿಸಿದರೆ ಬೇರ್ಪಡಿಸಬಲ್ಲ ಕನಿಷ್ಠ ಅಂತರ ತಿಳಿಯುತ್ತದೆ. 0.55 ಮೈಕ್ರೊಮೀಟರ್ ತರಂಗದೂರದ ಹಸಿರು ಬೆಳಕಿನಲ್ಲಿ, 0.65 ಎಂದು ಕೆತ್ತಿರುವ 40 ಪಟ್ಟಿನ ಮಸೂರಕ್ಕೆ ಇದು ಸುಮಾರು 0.52 ಮೈಕ್ರೊಮೀಟರ್, 1.25 ಎಂದು ಕೆತ್ತಿರುವ 100 ಪಟ್ಟಿನ ಮಸೂರಕ್ಕೆ ಸುಮಾರು 0.27 ಮೈಕ್ರೊಮೀಟರ್.

ಉಪಯುಕ್ತವಾದ ಒಟ್ಟು ವರ್ಧನೆಯು ನ್ಯೂಮರಿಕಲ್ ಅಪರ್ಚರಿನ 500ರಿಂದ 1000 ಪಟ್ಟಿನೊಳಗೆ ಇರುತ್ತದೆಂಬುದು ರೂಢಿಯ ಸೂತ್ರ. ಅದನ್ನು ಮೀರಿ ನೇತ್ರಮಸೂರದಿಂದ ಹಿಗ್ಗಿಸಿದರೆ ಬಿಂಬವು ದೊಡ್ಡದಾಗುತ್ತದೆ, ಹೊಸ ವಿವರವೇನೂ ಕಾಣುವುದಿಲ್ಲ. ಪತ್ರಿಕೆಯಲ್ಲಿ ಅಚ್ಚಾದ ಛಾಯಾಚಿತ್ರವನ್ನು ಭೂತಗನ್ನಡಿಯಿಂದ ನೋಡಿದಾಗ ಬರಿಯ ಚುಕ್ಕೆಗಳು ಕಾಣುವಂತೆ. ಆಟಿಕೆಯ ಪೆಟ್ಟಿಗೆಗಳ ಮೇಲೆ ಅಚ್ಚು ಹಾಕಿರುವ '1200 ಪಟ್ಟು' ಎಂಬಂತಹ ಸಂಖ್ಯೆಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಬೇಕು.

ಭಾಗಗಳು

ಭಾಗಗಳನ್ನು ಪಟ್ಟಿಯಾಗಿ ಕಲಿಯುವುದಕ್ಕಿಂತ ಬೆಳಕು ಸಾಗುವ ದಾರಿಯಲ್ಲಿ, ಕೆಳಗಿನಿಂದ ಮೇಲಕ್ಕೆ ಗುರುತಿಸುತ್ತ ಹೋದರೆ ಪ್ರತಿಯೊಂದರ ಕೆಲಸವೂ ತಾನಾಗಿ ತಿಳಿಯುತ್ತದೆ.

ಉಪಕರಣವು ಭಾರವಾದ ಪೀಠದ ಮೇಲೆ ನಿಂತಿರುತ್ತದೆ. ಪೀಠದಿಂದ ಮೇಲೆದ್ದ ಬಾಗಿದ ತೋಳು ಉಳಿದೆಲ್ಲ ಭಾಗಗಳನ್ನು ಹೊರುತ್ತದೆ. ಬೆಳಕಿನ ಮೂಲವು ಪೀಠದಲ್ಲಿಯೇ ಅಳವಡಿಸಿದ ಎಲ್‌ಇಡಿ ದೀಪವಾಗಿರಬಹುದು ಅಥವಾ ಹೊರಗಿನ ಬೆಳಕನ್ನು ಮೇಲಕ್ಕೆ ತಿರುಗಿಸುವ ಕನ್ನಡಿಯಾಗಿರಬಹುದು. ಕನ್ನಡಿಯ ಒಂದು ಮುಖ ಸಮತಲ, ಇನ್ನೊಂದು ನಿಮ್ನ. ಕಂಡೆನ್ಸರ್ ಇರುವ ಉಪಕರಣದಲ್ಲಿ ಸಮತಲ ಮುಖವನ್ನೂ ಇಲ್ಲದಿರುವಲ್ಲಿ ನಿಮ್ನ ಮುಖವನ್ನೂ ಬಳಸಬೇಕು. ವಿದ್ಯುತ್ ಸರಬರಾಜು ನೆಚ್ಚಲಾಗದ ಊರುಗಳ ಶಾಲೆಗಳಿಗೆ ಕನ್ನಡಿಯ ಮಾದರಿಯೇ ಇಂದಿಗೂ ಹೆಚ್ಚು ಅನುಕೂಲಕರ.

ಬೆಳಕಿನ ಮೂಲದ ಮೇಲೆ ಕಂಡೆನ್ಸರ್ ಎಂಬ ಮಸೂರಗಳ ಗುಂಪು ಇರುತ್ತದೆ. ಇದು ಬೆಳಕನ್ನು ಕಲೆಹಾಕಿ ವಸ್ತುವಿನ ಮೇಲೆ ಶಂಕುವಿನಂತೆ ಬೀಳಿಸುತ್ತದೆ. ಅದರ ಕೆಳಗಿನ ಐರಿಸ್ ಡಯಾಫ್ರಂ ಎಂಬ ತೆರೆಯುವ–ಮುಚ್ಚುವ ರಂಧ್ರವು ಆ ಶಂಕುವಿನ ಅಗಲವನ್ನು ನಿಯಂತ್ರಿಸುತ್ತದೆ. ಕಣ್ಣಿನ ಪಾಪೆಯಂತೆ ಹಿಗ್ಗಿ ಕುಗ್ಗುವ ಈ ಚಿಕ್ಕ ಭಾಗವನ್ನು ಶಾಲೆಗಳಲ್ಲಿ ಯಾರೂ ಮುಟ್ಟುವುದೇ ಇಲ್ಲವೆನ್ನಬಹುದು. ಬಿಂಬ ಚೆನ್ನಾಗಿ ಕಾಣುವುದೂ ಕಾಣದಿರುವುದೂ ಬಹುಮಟ್ಟಿಗೆ ಇದರ ಕೈಯಲ್ಲಿದೆ.

ನಡುವೆ ರಂಧ್ರವುಳ್ಳ ಚಪ್ಪಟೆಯಾದ ವೇದಿಕೆಯ ಮೇಲೆ ಸ್ಲೈಡನ್ನು ಇರಿಸಿ ಕ್ಲಿಪ್ಪುಗಳಿಂದ ಹಿಡಿಸಲಾಗುತ್ತದೆ. ಉತ್ತಮ ಮಾದರಿಗಳಲ್ಲಿ ಸ್ಲೈಡನ್ನು ಮುಂದೆ–ಹಿಂದೆ, ಎಡ–ಬಲ ಸರಿಸುವ ತಿರುಪುಗಳಿರುತ್ತವೆ. ವೇದಿಕೆಯ ಮೇಲ್ಭಾಗದಲ್ಲಿ, ಸುತ್ತಲೂ ತಿರುಗುವ ನೋಸ್‌ಪೀಸ್ ಎಂಬ ತಟ್ಟೆಗೆ ಮೂರು ಅಥವಾ ನಾಲ್ಕು ವಸ್ತುಮಸೂರಗಳನ್ನು ಜೋಡಿಸಿರುತ್ತಾರೆ. ಅದನ್ನು ತಿರುಗಿಸಿದಾಗ ಸರಿಯಾದ ಸ್ಥಾನದಲ್ಲಿ 'ಟಿಕ್' ಎಂಬ ಸದ್ದು ಕೇಳುತ್ತದೆ. ಆ ಸದ್ದು ಬರುವ ಮೊದಲೇ ನಿಲ್ಲಿಸಿದರೆ ನೋಟವು ಅರ್ಧಚಂದ್ರದಂತೆ ಕತ್ತರಿಸಿ ಕಾಣುತ್ತದೆ ಅಥವಾ ಪೂರ್ತಿ ಕತ್ತಲಾಗುತ್ತದೆ.

ವಸ್ತುಮಸೂರದ ಲೋಹದ ಕವಚದ ಮೇಲಿನ ಅಂಕಿಗಳಿಗೆ ಅರ್ಥವಿದೆ. '40/0.65' ಮತ್ತು '160/0.17' ಎಂದು ಕೆತ್ತಿದ್ದರೆ ವರ್ಧನೆ 40 ಪಟ್ಟು, ನ್ಯೂಮರಿಕಲ್ ಅಪರ್ಚರ್ 0.65, ಕೊಳವೆಯ ಉದ್ದ 160 ಮಿ.ಮೀ., ಬಳಸಬೇಕಾದ ಕವರ್ ಸ್ಲಿಪ್ಪಿನ ದಪ್ಪ 0.17 ಮಿ.ಮೀ. ಎಂದು ಓದಬೇಕು. ಕವಚದ ಸುತ್ತಲಿನ ಬಣ್ಣದ ಪಟ್ಟಿಯೂ ವರ್ಧನೆಯನ್ನು ಸೂಚಿಸುತ್ತದೆ: ಸಾಮಾನ್ಯವಾಗಿ 4 ಪಟ್ಟಿಗೆ ಕೆಂಪು, 10ಕ್ಕೆ ಹಳದಿ, 40ಕ್ಕೆ ತಿಳಿನೀಲಿ, 100ಕ್ಕೆ ಬಿಳಿ. ವರ್ಧನೆ ಹೆಚ್ಚಿದಂತೆ ಮಸೂರದ ತುದಿಗೂ ಸ್ಲೈಡಿಗೂ ನಡುವಿನ ಅಂತರ ಕಡಿಮೆಯಾಗುತ್ತದೆ. 10 ಪಟ್ಟಿನ ಮಸೂರಕ್ಕೆ ಕೆಲವು ಮಿಲಿಮೀಟರುಗಳಷ್ಟಿರುವ ಈ ಅಂತರವು 40 ಪಟ್ಟಿನದಕ್ಕೆ ಅರ್ಧ ಮಿಲಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಪ್ರಯೋಗಾಲಯಗಳಲ್ಲಿ ಸ್ಲೈಡುಗಳು ಒಡೆಯುವುದು ಇಲ್ಲಿಯೇ.

ಕೊಳವೆಯ ಮೇಲ್ತುದಿಯಲ್ಲಿ, ಬಳಕೆಯಲ್ಲಿ ಐಪೀಸ್ ಎನಿಸಿಕೊಳ್ಳುವ ನೇತ್ರಮಸೂರವಿರುತ್ತದೆ. ತೋಳಿನ ಬದಿಯಲ್ಲಿರುವ ಎರಡು ತಿರುಪುಗಳಲ್ಲಿ ದೊಡ್ಡದು ವೇದಿಕೆಯನ್ನು ಅಥವಾ ಕೊಳವೆಯನ್ನು ವೇಗವಾಗಿ ಮೇಲೆ–ಕೆಳಗೆ ಸರಿಸುವ ಸ್ಥೂಲ ಹೊಂದಾಣಿಕೆ ತಿರುಪು. ಚಿಕ್ಕದು ಕೂದಲೆಳೆಯಷ್ಟು ಮಾತ್ರ ಸರಿಸುವ ಸೂಕ್ಷ್ಮ ಹೊಂದಾಣಿಕೆ ತಿರುಪು.

ಸ್ಲೈಡಿನ ತಯಾರಿ

ಬೆಳಕು ವಸ್ತುವಿನ ಮೂಲಕ ಹಾದುಬರಬೇಕಾದ್ದರಿಂದ ವಸ್ತುವು ತೆಳುವಾಗಿಯೂ ಪಾರದರ್ಶಕವಾಗಿಯೂ ಇರಬೇಕು. ಈರುಳ್ಳಿಯ ಸಿಪ್ಪೆಯನ್ನು ಮೊದಲ ಪ್ರಯೋಗವಾಗಿ ಆರಿಸಿಕೊಳ್ಳಲು ಇದೇ ಕಾರಣ. ತಿರುಳಿನ ಒಂದು ಪದರವನ್ನು ಮುರಿದು ಒಳಬಾಗಿನ ಮೇಲ್ಮೈಯಿಂದ ಎಳೆದರೆ ಒಂದೇ ಜೀವಕೋಶದಷ್ಟು ದಪ್ಪದ ಪೊರೆ ಸುಲಭವಾಗಿ ಕಿತ್ತುಬರುತ್ತದೆ. ಅದನ್ನು ಒಣಗಲು ಬಿಡದೆ ವಾಚ್ ಗ್ಲಾಸಿನ ನೀರಿಗೆ ಹಾಕಿ, ಚಿಕ್ಕ ತುಂಡನ್ನು ಸ್ಲೈಡಿನ ಮೇಲಿನ ನೀರಿನ ಹನಿಗೆ ವರ್ಗಾಯಿಸಬೇಕು. ಒಂದು ಹನಿ ಸ್ಯಾಫ್ರನಿನ್ ಅಥವಾ ದುರ್ಬಲ ಅಯೋಡಿನ್ ದ್ರಾವಣವನ್ನು ಹಾಕಿದರೆ ಬಣ್ಣವಿಲ್ಲದ ಕೋಶಕೇಂದ್ರವೂ ಭಿತ್ತಿಯೂ ಎದ್ದುಕಾಣುತ್ತವೆ.

ಕವರ್ ಸ್ಲಿಪ್ಪಿನ ಒಂದು ಅಂಚನ್ನು ಹನಿಯ ಬದಿಗೆ ತಾಗಿಸಿ, ಇನ್ನೊಂದು ಅಂಚನ್ನು ಸೂಜಿಯಿಂದ ಆನಿಸಿಕೊಂಡು ನಿಧಾನವಾಗಿ ಇಳಿಸಬೇಕು. ಮೇಲಿನಿಂದ ತಟ್ಟನೆ ಹಾಕಿದರೆ ಗಾಳಿ ಸಿಲುಕುತ್ತದೆ. ಹೆಚ್ಚಾದ ದ್ರವವನ್ನು ಶೋಧಕ ಕಾಗದದ ಅಂಚಿನಿಂದ ಹೀರಿ ತೆಗೆಯಬೇಕು. ಇಲ್ಲವಾದರೆ ಕವರ್ ಸ್ಲಿಪ್ ತೇಲುತ್ತಿದ್ದು, ಬಿಂಬವು ನೋಡುನೋಡುತ್ತಲೇ ಜಾರಿಹೋಗುತ್ತದೆ.

ಬಳಸುವ ಕ್ರಮ

ಸೂಕ್ಷ್ಮದರ್ಶಕವನ್ನು ಒಂದು ಕೈಯಿಂದ ತೋಳನ್ನು ಹಿಡಿದು, ಇನ್ನೊಂದು ಕೈಯನ್ನು ಪೀಠದ ಅಡಿಗೆ ಕೊಟ್ಟು ಎತ್ತಬೇಕು. ಮೇಜಿನ ಅಂಚಿನಿಂದ ಒಳಗೆ ಇರಿಸಿ, ಅತಿ ಕಡಿಮೆ ವರ್ಧನೆಯ ವಸ್ತುಮಸೂರವನ್ನು ಕೊಳವೆಯ ನೇರಕ್ಕೆ ತರಬೇಕು. ಕನ್ನಡಿಯಿರುವ ಮಾದರಿಯಾದರೆ ಕಿಟಕಿಯ ಕಡೆಗೆ ತಿರುಗಿಸಿ ನೋಟದ ವೃತ್ತವು ಎಲ್ಲೆಡೆ ಸಮನಾಗಿ ಬೆಳಗುವಂತೆ ಹೊಂದಿಸಬೇಕು. ಕನ್ನಡಿಯನ್ನು ನೇರವಾಗಿ ಸೂರ್ಯನತ್ತ ತಿರುಗಿಸಲೇಬಾರದು. ಮಸೂರಗಳಿಂದ ಕೇಂದ್ರೀಕೃತವಾದ ಬಿಸಿಲು ಕಣ್ಣಿಗೆ ಶಾಶ್ವತ ಹಾನಿ ಮಾಡಬಲ್ಲದು. ಆಕಾಶದ ಹರಡಿದ ಬೆಳಕು ಅಥವಾ ಬಿಳಿಗೋಡೆಯಿಂದ ಪ್ರತಿಫಲಿಸಿದ ಬೆಳಕು ಸಾಕು.

ಸ್ಲೈಡನ್ನು ಇರಿಸಿದ ಬಳಿಕ ಕಣ್ಣನ್ನು ಐಪೀಸಿಗೆ ಹಚ್ಚದೆ, ಪಕ್ಕದಿಂದ ನೋಡುತ್ತ ಮಸೂರವನ್ನು ಸ್ಲೈಡಿನ ಸಮೀಪಕ್ಕೆ ತರಬೇಕು. ಅನಂತರ ಐಪೀಸಿನಲ್ಲಿ ನೋಡುತ್ತ ಸ್ಥೂಲ ತಿರುಪಿನಿಂದ ಎರಡನ್ನೂ ದೂರ ಸರಿಸುತ್ತ ಹೋಗಬೇಕು. ಹೀಗೆ ಮಾಡಿದರೆ ಕೈ ತಪ್ಪಿದರೂ ಗಾಜಿಗೆ ಗಾಜು ತಾಗುವುದಿಲ್ಲ. ಬಿಂಬ ಕಂಡೊಡನೆ ಸೂಕ್ಷ್ಮ ತಿರುಪಿನಿಂದ ಸ್ಪಷ್ಟಗೊಳಿಸಿ, ನೋಡಬೇಕಾದ ಭಾಗವನ್ನು ವೃತ್ತದ ನಡುವಿಗೆ ತರಬೇಕು. ಆ ಬಳಿಕವೇ ಹೆಚ್ಚಿನ ವರ್ಧನೆಯ ಮಸೂರಕ್ಕೆ ತಿರುಗಿಸುವುದು ಕ್ರಮ. ಒಂದು ಮಸೂರದಲ್ಲಿ ಸ್ಪಷ್ಟವಾದುದು ಮುಂದಿನದರಲ್ಲಿಯೂ ಬಹುತೇಕ ಸ್ಪಷ್ಟವಾಗಿರುವಂತೆ ಈ ಮಸೂರಗಳನ್ನು ತಯಾರಿಸಿರುತ್ತಾರೆ; ಆದ್ದರಿಂದ 40 ಪಟ್ಟಿನ ಮಸೂರದಲ್ಲಿ ಸೂಕ್ಷ್ಮ ತಿರುಪಿನ ಅಲ್ಪ ಚಲನೆ ಸಾಕಾಗುತ್ತದೆ, ಸ್ಥೂಲ ತಿರುಪನ್ನು ಮುಟ್ಟುವ ಅಗತ್ಯವಿಲ್ಲ.

ನೇರವಾಗಿ ಹೆಚ್ಚಿನ ವರ್ಧನೆಯಿಂದ ಆರಂಭಿಸಿದವರಿಗೆ ವಸ್ತುವೇ ಸಿಗದಿರುವುದಕ್ಕೆ ಸರಳ ಕಾರಣವಿದೆ. ಸಾಮಾನ್ಯ ವಿದ್ಯಾರ್ಥಿ ಮಾದರಿಯೊಂದರಲ್ಲಿ 4 ಪಟ್ಟಿನ ಮಸೂರದಿಂದ ಕಾಣುವ ವೃತ್ತದ ವ್ಯಾಸ ಸುಮಾರು 4.5 ಮಿ.ಮೀ. ಆದರೆ 40 ಪಟ್ಟಿನದರಲ್ಲಿ ಅದು ಕೇವಲ 0.45 ಮಿ.ಮೀ.; ಅಂದರೆ ವಿಸ್ತೀರ್ಣವು ನೂರರಲ್ಲಿ ಒಂದು ಪಾಲಿಗೆ ಕುಗ್ಗಿರುತ್ತದೆ.

ಒಂದೇ ಐಪೀಸಿನ ಉಪಕರಣದಲ್ಲಿ ಎರಡೂ ಕಣ್ಣುಗಳನ್ನು ತೆರೆದಿಟ್ಟುಕೊಂಡು ನೋಡುವುದನ್ನು ರೂಢಿಸಿಕೊಳ್ಳಬೇಕು. ಒಂದು ಕಣ್ಣನ್ನು ಬಿಗಿಯಾಗಿ ಮುಚ್ಚಿದರೆ ಬೇಗನೆ ಆಯಾಸವಾಗುತ್ತದೆ. ಸಮೀಪದೃಷ್ಟಿ ಅಥವಾ ದೂರದೃಷ್ಟಿಯ ದೋಷಕ್ಕೆ ಕನ್ನಡಕ ಧರಿಸುವವರು ಅದನ್ನು ತೆಗೆದು ತಿರುಪಿನಿಂದಲೇ ಸರಿಪಡಿಸಿಕೊಳ್ಳಬಹುದು. ಅಸ್ಟಿಗ್ಮ್ಯಾಟಿಸಂ ದೋಷವುಳ್ಳವರು ಕನ್ನಡಕ ಧರಿಸಿಯೇ ನೋಡುವುದು ಒಳ್ಳೆಯದು.

100 ಪಟ್ಟಿನ ಮಸೂರವನ್ನು ಎಣ್ಣೆಯೊಡನೆ ಬಳಸಲಾಗುತ್ತದೆ. ಗಾಜಿನಿಂದ ಗಾಳಿಗೆ ದಾಟುವ ಕಿರಣಗಳು ವಕ್ರೀಭವನದಿಂದ ಹೊರಬಾಗುವುದರಿಂದ ಓರೆಯಾದ ಕಿರಣಗಳು ಮಸೂರವನ್ನು ಸೇರುವುದೇ ಇಲ್ಲ. ಸ್ಲೈಡಿಗೂ ಮಸೂರಕ್ಕೂ ನಡುವೆ ಸುಮಾರು 1.515 ವಕ್ರೀಭವನಾಂಕದ ಎಣ್ಣೆಯ ಹನಿಯನ್ನು ಇರಿಸಿದರೆ ಆ ಕಿರಣಗಳು ಬಾಗದೆ ನೇರವಾಗಿ ಸಾಗುತ್ತವೆ, ಏಕೆಂದರೆ ಗಾಜಿನ ವಕ್ರೀಭವನಾಂಕವೂ ಹೆಚ್ಚುಕಡಿಮೆ ಅಷ್ಟೇ. ಈ ಎಣ್ಣೆಯು 40 ಪಟ್ಟಿನ ಮಸೂರಕ್ಕೆ ತಾಗದಂತೆ ಎಚ್ಚರ ವಹಿಸಬೇಕು.

ಬೆಳಕಿನ ಹೊಂದಾಣಿಕೆ

ಹೆಚ್ಚು ಬೆಳಕಿದ್ದರೆ ಹೆಚ್ಚು ಚೆನ್ನಾಗಿ ಕಾಣುತ್ತದೆಂಬುದು ಸಹಜ ಊಹೆ. ಇಲ್ಲಿ ಅದು ಸರಿಹೊಂದುವುದಿಲ್ಲ. ಬಣ್ಣ ಹಾಕದ ಜೀವಕೋಶವು ಸುತ್ತಲಿನ ನೀರಿನಷ್ಟೇ ಪಾರದರ್ಶಕ. ಡಯಾಫ್ರಂ ಪೂರ್ತಿ ತೆರೆದಿದ್ದರೆ ಪ್ರಖರ ಬೆಳಕಿನಲ್ಲಿ ಅದು ಕರಗಿಹೋದಂತೆ ಮರೆಯಾಗುತ್ತದೆ. ಡಯಾಫ್ರಂ ಅನ್ನು ನಿಧಾನವಾಗಿ ಮುಚ್ಚುತ್ತ ಬಂದರೆ ಅಂಚುಗಳು ಕಪ್ಪಾಗಿ ಮೂಡತೊಡಗುತ್ತವೆ. ಹಾಗೆಂದು ತೀರ ಮುಚ್ಚಿದರೂ ತೊಂದರೆ: ಬೆಳಕಿನ ಶಂಕು ಕಿರಿದಾಗಿ ಪೃಥಕ್ಕರಣ ಸಾಮರ್ಥ್ಯ ಕುಗ್ಗುತ್ತದೆ, ಪ್ರತಿಯೊಂದು ಕಣದ ಸುತ್ತಲೂ ಅಲ್ಲಿ ಇಲ್ಲದ ಉಂಗುರಗಳು ಕಾಣಿಸಿಕೊಳ್ಳುತ್ತವೆ.

ಐಪೀಸನ್ನು ತೆಗೆದು ಕೊಳವೆಯೊಳಗೆ ನೋಡಿದಾಗ ಮಸೂರದ ಹಿಂಬದಿಯಲ್ಲಿ ಬೆಳಗುವ ವೃತ್ತವೊಂದು ಕಾಣುತ್ತದೆ. ಅದರ ಸುಮಾರು ಮುಕ್ಕಾಲು ಭಾಗ ತುಂಬುವಷ್ಟು ಡಯಾಫ್ರಂ ತೆರೆದಿರುವುದು ಒಳ್ಳೆಯ ಆರಂಭ. ಮಸೂರವನ್ನು ಬದಲಿಸಿದಾಗಲೆಲ್ಲ ಇದನ್ನು ಹೊಸದಾಗಿ ಹೊಂದಿಸಬೇಕು. ಪ್ರಕಾಶವನ್ನು ಕಡಿಮೆ ಮಾಡಬೇಕಾದರೆ ದೀಪವನ್ನು ಮಂದಗೊಳಿಸಬೇಕು. ಕಂಡೆನ್ಸರನ್ನು ಕೆಳಗಿಳಿಸುವುದು ಅದಕ್ಕೆ ಸರಿಯಾದ ಉಪಾಯವಲ್ಲ.

ತಪ್ಪು ನೋಟಗಳು

ಅತ್ಯಂತ ಸಾಮಾನ್ಯವಾದದ್ದು ಗಾಳಿಗುಳ್ಳೆ. ಅದು ಪರಿಪೂರ್ಣ ವೃತ್ತಾಕಾರವಾಗಿದ್ದು ದಪ್ಪ ಕಪ್ಪು ಅಂಚನ್ನೂ ಹೊಳೆಯುವ ನಡುವನ್ನೂ ಹೊಂದಿರುತ್ತದೆ. ಈರುಳ್ಳಿಯ ಜೀವಕೋಶಗಳಾದರೋ ಇಟ್ಟಿಗೆಗಳಂತೆ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಅಂಚು ತೆಳು, ಕೋಶಕೇಂದ್ರವು ಹೆಚ್ಚಾಗಿ ಒಂದು ಬದಿಗೆ ಸರಿದಿರುತ್ತದೆ.

ಕಪ್ಪು ಚುಕ್ಕೆಯೊಂದು ಕಂಡರೆ ಅದು ಎಲ್ಲಿದೆಯೆಂದು ಪತ್ತೆಹಚ್ಚುವುದು ಸುಲಭ. ಐಪೀಸನ್ನು ತಿರುಗಿಸಿದಾಗ ಚುಕ್ಕೆಯೂ ತಿರುಗಿದರೆ ಧೂಳು ಐಪೀಸಿನ ಮೇಲಿದೆ. ಸ್ಲೈಡನ್ನು ಸರಿಸಿದಾಗ ಸರಿದರೆ ಸ್ಲೈಡಿನ ಮೇಲಿದೆ. ವಸ್ತುಮಸೂರವನ್ನು ಬದಲಿಸಿದಾಗ ಮಾಯವಾದರೆ ಆ ಮಸೂರದ ಮೇಲಿತ್ತು.

10 ಪಟ್ಟಿನ ಮಸೂರದಲ್ಲಿ ಚೆನ್ನಾಗಿ ಕಂಡ ವಸ್ತುವು 40 ಪಟ್ಟಿನದರಲ್ಲಿ ಏನು ಮಾಡಿದರೂ ಸ್ಪಷ್ಟವಾಗದಿದ್ದರೆ ಸ್ಲೈಡನ್ನು ಮಗುಚಿ ಇಟ್ಟಿರುವ ಸಾಧ್ಯತೆ ಹೆಚ್ಚು. ಸ್ಲೈಡಿನ ಗಾಜು ಸುಮಾರು 1 ಮಿ.ಮೀ.ಗಿಂತ ದಪ್ಪವಾಗಿರುವುದರಿಂದ ಮಸೂರವು ವಸ್ತುವಿನ ಸಮೀಪಕ್ಕೆ ಬರಲಾರದು. ಬಲವಂತ ಮಾಡಿದರೆ ಸ್ಲೈಡು ಒಡೆಯುತ್ತದೆ. ಸ್ಲೈಡು ಸರಿಯಾಗಿದ್ದೂ ಬಿಂಬ ಮಂಜಾಗಿದ್ದರೆ ಮಸೂರದ ತುದಿಗೆ ಎಣ್ಣೆಯೋ ಬಣ್ಣವೋ ಅಂಟಿರುತ್ತದೆ.

ಕೆರೆಯ ನೀರಿನ ಹನಿಯಲ್ಲಿ ಚಲಿಸುವುದೆಲ್ಲ ಜೀವಿಯಲ್ಲ. ಬಹಳ ಸಣ್ಣ ಕಣಗಳು ನೀರಿನ ಅಣುಗಳ ಬಡಿತದಿಂದ ನಿಂತಲ್ಲೇ ನಡುಗುತ್ತಿರುತ್ತವೆ. ಇದು ಬ್ರೌನಿಯನ್ ಚಲನೆ. ಕವರ್ ಸ್ಲಿಪ್ಪಿನ ಅಂಚಿನಲ್ಲಿ ನೀರು ಆರುವಾಗ ಎಲ್ಲ ಕಣಗಳೂ ಒಂದೇ ದಿಕ್ಕಿಗೆ ಹರಿಯುತ್ತವೆ. ಪ್ಯಾರಾಮೀಸಿಯಂ ಮುಂತಾದ ಜೀವಿಗಳು ಮಾತ್ರ ದಿಕ್ಕು ಬದಲಿಸುತ್ತ, ಅಡ್ಡಿ ಸಿಕ್ಕಾಗ ಹಿಂದೆ ಸರಿದು ಬೇರೆ ದಾರಿ ಹಿಡಿಯುತ್ತವೆ.

ಅಳತೆ

ಅಳತೆಗಾಗಿ ವಿಶೇಷ ಮೈಕ್ರೊಮೀಟರ್ ಸ್ಲೈಡುಗಳಿವೆ. ಅವಿಲ್ಲದ ಶಾಲೆಗಳಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಅಳತೆಪಟ್ಟಿಯೇ ಸಾಕು. ಅದನ್ನು ವೇದಿಕೆಯ ಮೇಲಿಟ್ಟು 4 ಪಟ್ಟಿನ ಮಸೂರದಲ್ಲಿ ವೃತ್ತದ ವ್ಯಾಸವನ್ನು ಎಣಿಸಬೇಕು. 4.5 ಮಿ.ಮೀ. ಇದ್ದರೆ 10 ಪಟ್ಟಿನದರಲ್ಲಿ ವ್ಯಾಸವು 1.8 ಮಿ.ಮೀ. ಆಗಿರುತ್ತದೆ. ಆ ವ್ಯಾಸದ ಉದ್ದಕ್ಕೂ ಈರುಳ್ಳಿಯ ಆರು ಜೀವಕೋಶಗಳು ಸಾಲಾಗಿ ಹಿಡಿಸಿದರೆ ಒಂದರ ಉದ್ದ ಸುಮಾರು 0.3 ಮಿ.ಮೀ. ಎಂದಾಯಿತು. ಅದೇ ಜೀವಕೋಶವನ್ನು ಪುಸ್ತಕದಲ್ಲಿ 60 ಮಿ.ಮೀ. ಉದ್ದಕ್ಕೆ ಬರೆದರೆ ಚಿತ್ರದ ವರ್ಧನೆ 200 ಪಟ್ಟು. ನೋಡಿದ ವರ್ಧನೆ 100 ಪಟ್ಟು. ಪ್ರಯೋಗ ಪುಸ್ತಕಗಳಲ್ಲಿ ಇವೆರಡನ್ನೂ ಒಂದೇ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ.

ತರಗತಿಯಲ್ಲಿ ಬೋಧನೆ

ಶಿಕ್ಷಕರು ಮೊದಲೇ ಹೊಂದಿಸಿಟ್ಟ ಒಂದು ಸೂಕ್ಷ್ಮದರ್ಶಕದ ಮುಂದೆ ವಿದ್ಯಾರ್ಥಿಗಳು ಸಾಲಾಗಿ ಬಂದು ಇಣುಕಿ ಹೋಗುವ ಪದ್ಧತಿ ಅನೇಕ ಕಡೆ ಇದೆ. ಉಪಕರಣಗಳ ಕೊರತೆ ಇದಕ್ಕೆ ಕಾರಣವಾದರೂ, ತಿರುಪನ್ನು ಮುಟ್ಟದ ವಿದ್ಯಾರ್ಥಿಗೆ ನೋಟವು ಹೇಗೆ ಸಿದ್ಧವಾಯಿತೆಂಬುದು ತಿಳಿಯುವುದಿಲ್ಲ. ಗುಂಪಿಗೊಂದು ಉಪಕರಣ ಸಿಗುವಲ್ಲಿ, ಪ್ರತಿಯೊಬ್ಬರೂ ನೋಡಿದ ಮೇಲೆ ಹೊಂದಾಣಿಕೆಯನ್ನು ಕೆಡಿಸಿ ಮುಂದಿನವರಿಗೆ ಬಿಟ್ಟುಕೊಡುವುದು ಸರಳವಾದ ಉಪಾಯ.

ಮೊದಲ ಅಭ್ಯಾಸಕ್ಕೆ ವೃತ್ತಪತ್ರಿಕೆಯಿಂದ ಕತ್ತರಿಸಿದ 'ಕ' ಎಂಬಂತಹ ಒಂದು ಅಕ್ಷರ ಸಾಕು. ಅದು ತಲೆಕೆಳಗಾಗಿ ಕಾಣುವುದನ್ನೂ ವಿರುದ್ಧ ದಿಕ್ಕಿಗೆ ಸರಿಯುವುದನ್ನೂ ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳುತ್ತಾರೆ. ಎರಡನೆಯದಾಗಿ ಕಪ್ಪು ಕೂದಲೊಂದನ್ನೂ ಬಿಳಿಕೂದಲೊಂದನ್ನೂ ಅಡ್ಡಡ್ಡಲಾಗಿ ಇರಿಸಿ, ಯಾವುದು ಮೇಲಿದೆಯೆಂದು ಹೇಳುವಂತೆ ಕೇಳಬಹುದು. ಎರಡೂ ಒಟ್ಟಿಗೆ ಸ್ಪಷ್ಟವಾಗುವುದಿಲ್ಲ. ಮಸೂರವನ್ನು ಮೇಲಿನಿಂದ ಹತ್ತಿರಕ್ಕೆ ತರುವಾಗ ಮೇಲಿರುವುದು ಮೊದಲು ಸ್ಪಷ್ಟವಾಗುತ್ತದೆ. ಸೂಕ್ಷ್ಮದರ್ಶಕವು ಒಂದು ಬಾರಿಗೆ ಒಂದು ತೆಳುವಾದ ಪದರವನ್ನಷ್ಟೇ ತೋರಿಸುತ್ತದೆಂಬ ಅರಿವು ಇದರಿಂದ ಬರುತ್ತದೆ. ಈರುಳ್ಳಿ ಸಿಪ್ಪೆ, ರಿಯೊ ಎಲೆಯ ಪತ್ರರಂಧ್ರಗಳು, ಕೆರೆಯ ನೀರು ಇವೆಲ್ಲ ಅನಂತರ ಬರಬೇಕಾದವು.

ವಿದ್ಯಾರ್ಥಿ ಏನನ್ನು ನೋಡುತ್ತಿದ್ದಾನೆಂಬುದು ಶಿಕ್ಷಕರಿಗೆ ಕಾಣದಿರುವುದು ಈ ಪಾಠದ ನಿಜವಾದ ಕಷ್ಟ. ಮೊಬೈಲ್ ಫೋನಿನ ಕ್ಯಾಮೆರಾವನ್ನು ಐಪೀಸಿನ ಮೇಲೆ ನೇರವಾಗಿ ಹಿಡಿದರೆ ಬಿಂಬವನ್ನು ಇಡೀ ಗುಂಪಿಗೆ ತೋರಿಸಿ ಚರ್ಚಿಸಬಹುದು. ಆದರೆ ಛಾಯಾಚಿತ್ರವು ರೇಖಾಚಿತ್ರದ ಬದಲಿಯಾಗಲಾರದು. ಪೆನ್ಸಿಲಿನಿಂದ ಬರೆಯಲು ಕುಳಿತಾಗಲೇ ಕೋಶಭಿತ್ತಿ ಎಲ್ಲಿ ಮುಗಿದು ಪಕ್ಕದ್ದು ಎಲ್ಲಿ ಆರಂಭವಾಯಿತೆಂಬ ಪ್ರಶ್ನೆ ಏಳುತ್ತದೆ.

2014ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಸಂಗಡಿಗರು ಪರಿಚಯಿಸಿದ ಕಾಗದದ ಫೋಲ್ಡ್‌ಸ್ಕೋಪ್ ಭಾರತದ ಅನೇಕ ಶಾಲೆಗಳನ್ನು ತಲುಪಿದೆ. ಅದು ಒಂದೇ ಮಸೂರದ ಸರಳ ಸೂಕ್ಷ್ಮದರ್ಶಕವಾದ್ದರಿಂದ ಸಂಯುಕ್ತ ಸೂಕ್ಷ್ಮದರ್ಶಕದ ಭಾಗಗಳನ್ನು ಕಲಿಸಲು ಒದಗುವುದಿಲ್ಲ.

ರೋಗಪತ್ತೆಯಲ್ಲಿ

ಶಾಲೆಯಲ್ಲಿ ಕಲಿಯುವ ಇದೇ ಕ್ರಮವು ಆರೋಗ್ಯ ಕೇಂದ್ರದಲ್ಲಿ ರೋಗಿಯ ಚಿಕಿತ್ಸೆಯನ್ನು ನಿರ್ಧರಿಸುತ್ತದೆ. ಮಲೇರಿಯಾ ಪತ್ತೆಗೆ ಬೆರಳಿನಿಂದ ತೆಗೆದ ರಕ್ತದ ದಪ್ಪ ಮತ್ತು ತೆಳು ಲೇಪಗಳನ್ನು ಗಿಂಸಾ ಅಥವಾ ಭಾರತದಲ್ಲಿಯೇ ರೂಪಿಸಲಾದ ಜೆಎಸ್‌ಬಿ ವರ್ಣಕದಿಂದ ಬಣ್ಣಗೊಳಿಸಿ ಎಣ್ಣೆಯ ಮಸೂರದಲ್ಲಿ ಪರೀಕ್ಷಿಸುತ್ತಾರೆ. ದಪ್ಪ ಲೇಪದಲ್ಲಿ ಪರಾವಲಂಬಿಯ ಇರುವಿಕೆಯೂ ತೆಳು ಲೇಪದಲ್ಲಿ ಅದರ ಪ್ರಭೇದವೂ ತಿಳಿಯುತ್ತವೆ. ಸುಮಾರು 7 ಮೈಕ್ರೊಮೀಟರ್ ವ್ಯಾಸದ ಕೆಂಪು ರಕ್ತಕಣದೊಳಗಿನ ಉಂಗುರವನ್ನೂ ಬಣ್ಣದ ಮಡ್ಡಿಯ ಕಣವನ್ನೂ ಬೇರೆಬೇರೆಯಾಗಿ ಗುರುತಿಸಬಲ್ಲ ಕಣ್ಣು ಇಲ್ಲಿ ಬೇಕು.

ಕ್ಷಯರೋಗದ ಪತ್ತೆಗೆ ಕಫದ ಲೇಪವನ್ನು ಝೀಲ್–ನೀಲ್ಸನ್ ವಿಧಾನದಿಂದ ಬಣ್ಣಗೊಳಿಸಿದಾಗ ದಂಡಾಣುಗಳು ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳಂತೆ ಕಾಣುತ್ತವೆ. ಎಣ್ಣೆಯ ಮಸೂರದಲ್ಲಿ ಕನಿಷ್ಠ 100 ನೋಟವೃತ್ತಗಳನ್ನು ಪರೀಕ್ಷಿಸಿದ ಬಳಿಕವೇ 'ದಂಡಾಣು ಇಲ್ಲ' ಎಂದು ವರದಿ ಬರೆಯಬೇಕೆಂಬುದು ನಿಯಮ. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಈ ಪರೀಕ್ಷೆಯನ್ನು ಸಾಮಾನ್ಯ ಆರೋಗ್ಯ ಕೇಂದ್ರಗಳ ಮಟ್ಟಕ್ಕೆ ಒಯ್ಯುವುದರಲ್ಲಿ ಮುಖ್ಯ ಪಾತ್ರ ವಹಿಸಿತು. ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ದಂಡಾಣುಗಳಾದರೂ ಇದ್ದಾಗ ಮಾತ್ರ ಅವು ಲೇಪದಲ್ಲಿ ಕಾಣಸಿಗುತ್ತವೆ. ಈ ಮಿತಿಯ ಕಾರಣದಿಂದ ಈಗ ಅಣುಜೈವಿಕ ಪರೀಕ್ಷೆಗಳಿಗೆ ಆದ್ಯತೆ ದೊರೆಯುತ್ತಿದೆ.

ಸಂರಕ್ಷಣೆ

ಭಾರತದ ಶಾಲೆಗಳಿಗೆ ಪೂರೈಕೆಯಾಗುವ ಸೂಕ್ಷ್ಮದರ್ಶಕಗಳಲ್ಲಿ ಬಹಳಷ್ಟು ಹರಿಯಾಣದ ಅಂಬಾಲಾದಲ್ಲಿ ತಯಾರಾಗುತ್ತವೆ. ಬಳಸಿ ಹಾಳಾಗುವವುಗಳಿಗಿಂತ ಬೀರುವಿನಲ್ಲಿಟ್ಟು ಹಾಳಾಗುವವು ಕಡಿಮೆಯೇನಲ್ಲ. ಕರಾವಳಿ ಮತ್ತು ಮಲೆನಾಡಿನಂತಹ ತೇವದ ಪ್ರದೇಶಗಳಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಮಸೂರಗಳ ಮೇಲೆ ಜೇಡರಬಲೆಯಂತಹ ಶಿಲೀಂಧ್ರ ಬೆಳೆಯುತ್ತದೆ. ಅದು ಮಸೂರದ ಲೇಪನವನ್ನು ಕೊರೆದುಬಿಟ್ಟರೆ ಒರೆಸಿದರೂ ಗುರುತು ಉಳಿಯುತ್ತದೆ. ಗಾಳಿಯಾಡದ ಮರದ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಡದೆ, ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಒಣಗಿದ ಜಾಗದಲ್ಲಿ ಇರಿಸಬೇಕು. ನೀಲಿ ಬಣ್ಣದ ಸಿಲಿಕಾ ಜೆಲ್ ತೇವ ಹೀರಿ ಗುಲಾಬಿಗೆ ತಿರುಗಿದಾಗ ಬಿಸಿಮಾಡಿ ಮತ್ತೆ ಬಳಸಬಹುದು. ಬೀರುವಿನೊಳಗೆ ಕಡಿಮೆ ವ್ಯಾಟಿನ ಬಲ್ಬೊಂದನ್ನು ಉರಿಸಿಡುವ ಪದ್ಧತಿಯೂ ಕೆಲವು ಪ್ರಯೋಗಾಲಯಗಳಲ್ಲಿದೆ.

ಮಸೂರದ ಮೇಲಿನ ಧೂಳನ್ನು ಮೊದಲು ರಬ್ಬರ್ ಬಲ್ಬಿನ ಗಾಳಿಯಿಂದ ಊದಿ ತೆಗೆದು, ಬಳಿಕ ಲೆನ್ಸ್ ಪೇಪರಿನಿಂದ ಹಗುರವಾಗಿ ಒರೆಸಬೇಕು. ಕರವಸ್ತ್ರ, ಸೀರೆಯ ಸೆರಗು, ಸಾಮಾನ್ಯ ಹತ್ತಿ ಇವು ಗಾಜಿನ ಮೇಲೆ ಗೀರುಗಳನ್ನು ಉಳಿಸುತ್ತವೆ. ಎಣ್ಣೆ ಬಳಸಿದ ಮಸೂರವನ್ನು ಅದೇ ದಿನ ಒರೆಸದಿದ್ದರೆ ಎಣ್ಣೆ ಅಂಟಾಗಿ ಹಿಡಿದುಕೊಳ್ಳುತ್ತದೆ. ಐಪೀಸನ್ನು ತೆಗೆದು ಕೊಳವೆಯನ್ನು ಖಾಲಿ ಬಿಡಬಾರದು, ಒಳಗೆ ಬಿದ್ದ ಧೂಳು ವಸ್ತುಮಸೂರದ ಹಿಂಬದಿಗೆ ಸೇರುತ್ತದೆ. ಕೆಲಸ ಮುಗಿದಾಗ ಕಡಿಮೆ ವರ್ಧನೆಯ ಮಸೂರವನ್ನು ಕೆಳಮುಖವಾಗಿಸಿ, ಸ್ಲೈಡನ್ನು ತೆಗೆದು, ವೇದಿಕೆಯನ್ನು ಒರೆಸಿ, ಮೇಲುಹೊದಿಕೆ ಹಾಕಿ ಇಡಬೇಕು.